ಸೇಡಂ ರಸ್ತೆಯ ಬಾಡಿಗೆ ಮನೆಯನ್ನು ಮಾರಿ ಆ ಹಣವನ್ನು ಬೇರೆಡೆ ತೊಡಗಿಸಬೇಕೇ, ಇಟ್ಟುಕೊಳ್ಳಬೇಕೇ?

ಸೇಡಂ ರಸ್ತೆಯ ಶಿಕ್ಷಕ

ಎಲ್ಲರಿಗೂ ಶರಣು. ನಾನು ಕಲಬುರಗಿಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ. 2027ರಲ್ಲಿ ನಿವೃತ್ತನಾಗುತ್ತೇನೆ, ಹಳೆಯ ಪದ್ಧತಿಯ ಪಿಂಚಣಿ ಬರುತ್ತದೆ. ನಾವು ವಾಸವಾಗಿರುವ ಮನೆಯ ಹೊರತಾಗಿ ಸೇಡಂ ರಸ್ತೆಯ ಕಡೆಯ ಬಡಾವಣೆಯೊಂದರಲ್ಲಿ 30×40 ಅಡಿಯ ನಿವೇಶನದಲ್ಲಿ ನನ್ನ ಹೆಸರಿನ ಇನ್ನೊಂದು ಮನೆ ಇದೆ. 2010-11ರಲ್ಲಿ ನೋಂದಣಿ ಖರ್ಚು ಸೇರಿ 22 ಲಕ್ಷ ರೂಪಾಯಿಗೆ ಅದನ್ನು ಕೊಂಡೆವು. 2015-16ರಲ್ಲಿ 9 ಲಕ್ಷ ಖರ್ಚು ಮಾಡಿ ಮೇಲಂತಸ್ತು ಕಟ್ಟಿಸಿದೆವು. ಬ್ಯಾಂಕಿನ ಸಾಲ ಇನ್ನೂ 6 ಲಕ್ಷ ಉಳಿದಿದೆ. ಕೆಳಗಿನ ಮನೆಯಿಂದ 12,000, ಮೇಲಿನ ಮನೆಯಿಂದ 9,500, ಒಟ್ಟು ತಿಂಗಳಿಗೆ 21,500 ರೂಪಾಯಿ ಬಾಡಿಗೆ ಬರುತ್ತದೆ.

ಈಗ ಒಬ್ಬರು 78 ಲಕ್ಷಕ್ಕೆ ಕೇಳುತ್ತಿದ್ದಾರೆ. ಅದರಲ್ಲಿ 18 ಲಕ್ಷವನ್ನು ನಗದಾಗಿ ಕೊಟ್ಟು, ಖರೀದಿ ಪತ್ರದಲ್ಲಿ 60 ಲಕ್ಷ ಮಾತ್ರ ತೋರಿಸೋಣ ಎನ್ನುತ್ತಾರೆ. ಮಾರುವುದು ನನ್ನ ಮನೆಯವರಿಗೆ (ಪತ್ನಿಗೆ) ಇಷ್ಟವಿಲ್ಲ. ನೆಲದ ಆಸರೆ ಹೋದರೆ ಮತ್ತೆ ಬಾರದು ಎಂಬುದು ಅವರ ಮಾತು. ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಪುಣೆಯಲ್ಲಿ ನೌಕರಿಯಲ್ಲಿದ್ದಾಳೆ, ಇನ್ನೊಬ್ಬಳು ಓದುತ್ತಿದ್ದಾಳೆ. ಮಾಳಿಗೆ ಮಳೆಗಾಲದಲ್ಲಿ ಜಿನುಗುತ್ತದೆ, ಮೇಲಿನ ಮನೆಯ ಬಾಡಿಗೆದಾರರು ಮೇಲಿಂದ ಮೇಲೆ ಬದಲಾಗುತ್ತಾರೆ, ಮತ್ತು ನಿವೃತ್ತಿಯ ನಂತರ ಇದರ ಹಿಂದೆ ಓಡಾಡುವ ಶಕ್ತಿ ಎಷ್ಟು ಉಳಿದೀತು ಎಂಬ ಚಿಂತೆ ನನಗಿದೆ. ಮಾರಿದರೆ ಸಾಲ ತೀರಿಸಿ ಉಳಿದದ್ದನ್ನು ಠೇವಣಿಯಲ್ಲಿಡಬೇಕೇ, ಪ್ಲಾಟು ಕೊಳ್ಳಬೇಕೇ, ಇನ್ನೊಂದು ಚಿಕ್ಕ ಮನೆ ಕೊಳ್ಳಬೇಕೇ? ತಿಳಿದವರು ದಯವಿಟ್ಟು ಹೇಳಬೇಕು.

ಜೇವರ್ಗಿಯ ವ್ಯಾಪಾರಿ

ಗುರುಗಳೇ, ಹದಿನೈದು ವರ್ಷದ ಕಟ್ಟಡಕ್ಕೆ 78 ಲಕ್ಷ ಕೊಡುವವರು ಬಂದಾಗ ತಡಮಾಡಬಾರದು. ಮನೆ ಹಳೆಯದಾಗುತ್ತ ಹೋಗುತ್ತದೆ, ನೆಲ ಹಾಗಲ್ಲ. 2023ರಲ್ಲಿ ಪಿಎಂ ಮಿತ್ರ ಜವಳಿ ಪಾರ್ಕಿಗೆ ಕಲಬುರಗಿ ಆಯ್ಕೆಯಾದ ಮೇಲೆ ಜೇವರ್ಗಿ ರಸ್ತೆಯ ಕಡೆ ಬಡಾವಣೆಗಳು ಏಳುತ್ತಿವೆ. ಬಂದ ಹಣದಲ್ಲಿ ಎರಡು ಮೂರು ಪ್ಲಾಟು ಹಿಡಿದಿಟ್ಟರೆ ಬಾಡಿಗೆದಾರರ ಕಾಟವೂ ಇಲ್ಲ, ಮಾಳಿಗೆಯ ಚಿಂತೆಯೂ ಇಲ್ಲ. ಮಕ್ಕಳಿಬ್ಬರಿಗೆ ಸಮನಾಗಿ ಹಂಚುವುದೂ ಸುಲಭ.

ಲೆಕ್ಕಪತ್ರ ಕಲಬುರಗಿ

ಗುರುಗಳೇ, ನಾನು ತೆರಿಗೆ ವಿವರಪಟ್ಟಿಗಳನ್ನು ಸಿದ್ಧಪಡಿಸುವ ಕೆಲಸದಲ್ಲಿರುವವನು. ಮಾರುವ ಮಾತನ್ನಾಗಲಿ ಇಡುವ ಮಾತನ್ನಾಗಲಿ ಆಡುವ ಮೊದಲು ನಿಮ್ಮ ಮನೆಯ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತೇನೆ.

ಬಹಳ ಜನ ಬಾಡಿಗೆಯನ್ನು ತಾವು ಅಂದು ಕೊಟ್ಟ ಬೆಲೆಗೆ ಹೋಲಿಸಿ ಸಮಾಧಾನಪಡುತ್ತಾರೆ. 31 ಲಕ್ಷ ಹಾಕಿದ ಮನೆ ವರ್ಷಕ್ಕೆ 2,58,000 ತರುತ್ತಿದೆ ಎಂದರೆ ನೂರಕ್ಕೆ ಎಂಟರ ಮೇಲಾಯಿತು ಎಂದು ತೋರುತ್ತದೆ. ಆದರೆ ಇಂದು ಆ ಮನೆಯಲ್ಲಿ ಕುಳಿತಿರುವ ಬಂಡವಾಳ 31 ಲಕ್ಷವಲ್ಲ, 78 ಲಕ್ಷ. ವರ್ಷದಲ್ಲಿ ಸರಾಸರಿ ಒಂದು ತಿಂಗಳು ಎರಡೂ ಮನೆ ಖಾಲಿ ಇರುತ್ತವೆ ಎಂದು 21,500, ಮನೆ ತೆರಿಗೆ 7,000, ನೀರು ಮತ್ತು ಮೆಟ್ಟಿಲ ದೀಪಕ್ಕೆ 6,000, ದುರಸ್ತಿ ಮತ್ತು ಬಣ್ಣಕ್ಕೆಂದು ವರ್ಷಕ್ಕೆ 30,000 ತೆಗೆದಿಟ್ಟರೆ ಕೈಯಲ್ಲಿ ಉಳಿಯುವುದು 1,93,500. ಇದು 78 ಲಕ್ಷಕ್ಕೆ ನೂರಕ್ಕೆ ಎರಡೂವರೆಯೂ ತುಂಬುವುದಿಲ್ಲ.

ಇನ್ನು ಮಾರಿದರೆ ಬೀಳುವ ತೆರಿಗೆ. 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ ಮನೆಯ ಲಾಭ ದೀರ್ಘಾವಧಿ ಲಾಭವೆನಿಸುತ್ತದೆ. 2024ರ ಜುಲೈ 23ರಿಂದ ಅದಕ್ಕೆ ಶೇ. 12.5ರ ದರ ಬಂದಿದ್ದು, ಕೊಂಡ ಬೆಲೆಯನ್ನು ಬೆಲೆಯೇರಿಕೆಯ ಸೂಚ್ಯಂಕದಂತೆ ಹಿಗ್ಗಿಸಿ ಲಾಭ ಎಣಿಸುವ ಅನುಕೂಲವನ್ನು ತೆಗೆದುಹಾಕಲಾಗಿದೆ. ಆದರೆ ಆ ದಿನಕ್ಕಿಂತ ಮೊದಲು ಕೊಂಡ ಆಸ್ತಿಯಾದರೆ, ಭಾರತದ ನಿವಾಸಿಗಳಾದ ವ್ಯಕ್ತಿಗಳಿಗೆ ಹಳೆಯ ಪದ್ಧತಿಯಂತೆ ಸೂಚ್ಯಂಕ ಸೇರಿಸಿ ಶೇ. 20ರ ಲೆಕ್ಕವನ್ನೂ ಮಾಡಿ, ಎರಡರಲ್ಲಿ ಕಡಿಮೆಯಾದ ತೆರಿಗೆಯನ್ನು ಕಟ್ಟುವ ಅವಕಾಶ ಉಳಿದಿದೆ.

ನಿಮ್ಮ ವಿಷಯದಲ್ಲಿ ಈ ಆಯ್ಕೆಯೇ ಮುಖ್ಯ. ದಲಾಲಿ ಶೇ. 1 ಎಂದು 78,000 ಕಳೆದು, ಹೊಸ ಪದ್ಧತಿಯಲ್ಲಿ ಲಾಭ 46.22 ಲಕ್ಷ, ಸೆಸ್ (ತೆರಿಗೆಯ ಮೇಲಿನ ಹೆಚ್ಚುವರಿ ಕರ) ಸೇರಿ ತೆರಿಗೆ ಸುಮಾರು 6 ಲಕ್ಷ. ಹಳೆಯ ಪದ್ಧತಿಯಲ್ಲಿ 2010-11ರ ಸೂಚ್ಯಂಕ 167, 2015-16ರದು 254, 2025-26ರದು 376. ಆ ಪ್ರಕಾರ ನಿಮ್ಮ 22 ಲಕ್ಷ 49.53 ಲಕ್ಷವಾಗುತ್ತದೆ, ಮೇಲಂತಸ್ತಿನ 9 ಲಕ್ಷ 13.32 ಲಕ್ಷವಾಗುತ್ತದೆ. ಲಾಭ 14.36 ಲಕ್ಷಕ್ಕೆ ಇಳಿದು, ಶೇ. 20 ಮತ್ತು ಸೆಸ್ ಸೇರಿ ತೆರಿಗೆ 3 ಲಕ್ಷದ ಒಳಗೇ ಬರುತ್ತದೆ, ಅಂದರೆ ಅರ್ಧದಷ್ಟು. ಮೇಲಂತಸ್ತಿನ ಖರ್ಚಿಗೆ ಬಿಲ್ಲು, ಬ್ಯಾಂಕಿನ ದಾಖಲೆ, ಕಟ್ಟಡ ಪರವಾನಗಿ ಏನಿದ್ದರೂ ಈಗಲೇ ಹುಡುಕಿ ಇಟ್ಟುಕೊಳ್ಳಿರಿ.

ಸಾಲವನ್ನು ಬದಿಗಿಟ್ಟರೆ ನಿಮ್ಮ ಕೈಗೆ ಬರುವುದು 74 ಲಕ್ಷ ಚಿಲ್ಲರೆ. ಅದನ್ನು ಶೇ. 6.5ರ ಬಡ್ಡಿಗೆ ಇಟ್ಟು, ನೀವು ಆದಾಯ ತೆರಿಗೆಯ ಶೇ. 20ರ ಹಂತದಲ್ಲಿದ್ದೀರಿ ಎಂದು ಹಿಡಿದರೆ, ತೆರಿಗೆ ಕಳೆದು ವರ್ಷಕ್ಕೆ 3.82 ಲಕ್ಷ ಉಳಿಯುತ್ತದೆ. ಬಾಡಿಗೆಗೆ ಶೇ. 30ರ ನಿಗದಿತ ಕಡಿತ ಸಿಗುವುದರಿಂದ ಅದರ ತೆರಿಗೆ ಹಗುರ. ಆದರೂ ಉಳಿಯುವುದು 1.60 ಲಕ್ಷ. ನಡುವಿನ ಅಂತರ 2.22 ಲಕ್ಷ, ಅಂದರೆ 74 ಲಕ್ಷಕ್ಕೆ ನೂರಕ್ಕೆ ಮೂರು. ಹೀಗಾಗಿ ನಿಮ್ಮ ಮನೆಯ ಬೆಲೆ ಇನ್ನು ಮುಂದೆ ವರ್ಷಕ್ಕೆ ಸುಮಾರು ಶೇ. 3ರಂತೆ ಏರಿದರೆ ಎರಡೂ ದಾರಿ ಸರಿಸಮ. ಅದಕ್ಕಿಂತ ಹೆಚ್ಚು ಏರುವ ಭರವಸೆ ಇದ್ದರೆ ಇಟ್ಟುಕೊಳ್ಳುವುದು ಲಾಭ, ಇಲ್ಲದಿದ್ದರೆ ಮಾರುವುದು ಲಾಭ. ಮಾರುವವರೂ ಬೇಡವೆನ್ನುವವರೂ ವಾದ ಮಾಡಬೇಕಾದದ್ದು ಈ ಒಂದು ಅಂಕಿಯ ಮೇಲೆ.

ನೌಬಾದಿನ ಅಕ್ಕ

ನಾನು ಬೀದರಿನವಳು. ಲೆಕ್ಕ ಬರೆದವರ ಶ್ರಮ ದೊಡ್ಡದು. ಆದರೆ ಗುರುಗಳ ಮನೆಯವರ ಮಾತಿಗೂ ಒಂದು ಲೆಕ್ಕವಿದೆ, ಅದನ್ನು ನಾನು ಹೇಳುತ್ತೇನೆ.

ನನ್ನ ಯಜಮಾನರು ತೀರಿಕೊಂಡ ಮೇಲೆ ನಮ್ಮ ಮನೆ ನಡೆದದ್ದು ಕಿರಾಯಿ ಹಣದಿಂದಲೇ. ಠೇವಣಿಯ ಬಡ್ಡಿ ಇಟ್ಟ ದಿನ ಎಷ್ಟೋ ಅವಧಿ ಮುಗಿಯುವ ತನಕ ಅಷ್ಟೇ. ನಮ್ಮ ಮನೆಯ ಬಾಡಿಗೆಯಾದರೋ ದಿನಸಿಯ ಬೆಲೆಯ ಜೊತೆಜೊತೆಗೆ ಏರುತ್ತ ಬಂತು. ಇನ್ನೊಂದು ಮಾತನ್ನು ಗಂಡಸರು ಸಾಮಾನ್ಯವಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಮನೆಯ ರೂಪದಲ್ಲಿರುವ ಹಣವನ್ನು ಯಾರೂ ಕೈಗಡ ಕೇಳುವುದಿಲ್ಲ. ಅದೇ ಹಣ ಬ್ಯಾಂಕಿಗೆ ಬಂದಿದೆ ಎಂಬ ಸುದ್ದಿ ಬೀಗರ ಕಿವಿಗೆ ಬಿದ್ದರೆ, ಒಬ್ಬರಿಗೆ ಮದುವೆ, ಇನ್ನೊಬ್ಬರಿಗೆ ಬೋರ್‌ವೆಲ್, ಮತ್ತೊಬ್ಬರಿಗೆ ಟ್ರ್ಯಾಕ್ಟರ್ ಎಂದು ಕೇಳಲು ಬರುತ್ತಾರೆ, ಮತ್ತು ಇಲ್ಲವೆನ್ನುವ ಕಷ್ಟ ಮನೆಯ ಹೆಣ್ಣುಮಗಳ ಪಾಲಿಗೆ ಬರುತ್ತದೆ.

ಗುರುಗಳೇ, ಕೆಳಗಿನ ಮನೆಯ 12,000 ಇಂದಿನ ದರವೇ, ಅಥವಾ ಹಳೆಯ ಬಾಡಿಗೆದಾರರೆಂದು ಏರಿಸದೆ ಬಿಟ್ಟದ್ದೇ? ಜಯದೇವ ಸಂಸ್ಥೆಯ 371 ಹಾಸಿಗೆಗಳ ಹೃದ್ರೋಗ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಉದ್ಘಾಟನೆಯಾಗಿದೆ. ಸೇಡಂ ರಸ್ತೆಯಲ್ಲಿ ಇಎಸ್‌ಐ ವೈದ್ಯಕೀಯ ಕಾಲೇಜು ಇದೆ. ದಾದಿಯರು, ವೈದ್ಯ ವಿದ್ಯಾರ್ಥಿಗಳು, ತಂತ್ರಜ್ಞರು ಮನೆ ಹುಡುಕುವ ಕಡೆ ಬಾಡಿಗೆಯನ್ನು ಇಂದಿನ ದರಕ್ಕೆ ತಂದರೆ ಮೇಲಿನ ಲೆಕ್ಕವೇ ಬದಲಾಗುತ್ತದೆಯಲ್ಲವೇ?

ಶಹಾಬಾದಿನ ಇಂಜಿನಿಯರ್

ಕಟ್ಟಡದ ಬಗ್ಗೆ ಯಾರೂ ಕೇಳಿಲ್ಲವಾದ್ದರಿಂದ ನಾನು ಕೇಳುತ್ತೇನೆ. ನಮ್ಮ ಭಾಗದ ಬಹಳಷ್ಟು ಬಡಾವಣೆಗಳು ಎರೆಹೊಲದ ಮೇಲೆ ಎದ್ದಿವೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಿರುಕು ಬಿಡುತ್ತದೆ. ಅಡಿಪಾಯವನ್ನು ಎರೆಯ ಪದರ ದಾಟಿಸದೆ, ಸುತ್ತ ಮುರುಂ ತುಂಬದೆ ಕಟ್ಟಿದ್ದರೆ ಈ ಏರಿಳಿತದ ಪೆಟ್ಟನ್ನು ಗೋಡೆಗಳು ವರ್ಷವರ್ಷವೂ ತಿನ್ನುತ್ತವೆ. ಆದುದರಿಂದ ಮಾಳಿಗೆ ಜಿನುಗುವುದಕ್ಕಿಂತ ಮೊದಲು ನೋಡಬೇಕಾದದ್ದು ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಏರುವ ಬಿರುಕುಗಳನ್ನು. ಅವುಗಳ ಎರಡು ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ ದಿನಾಂಕ ಬರೆದಿಡಿರಿ. ಮೇ ತಿಂಗಳಲ್ಲಿ ಅಗಲವಾಗಿ, ಸೆಪ್ಟೆಂಬರಿನಲ್ಲಿ ಮುಚ್ಚಿಕೊಳ್ಳುವ ಬಿರುಕು ನೆಲದ ಚಲನೆಯನ್ನು ಹೇಳುತ್ತದೆ, ಅದಕ್ಕೆ ಗಾರೆ ಮೆತ್ತಿದರೆ ಪ್ರಯೋಜನವಿಲ್ಲ. ಗೆರೆಯಂತೆ ಸಣ್ಣದಾಗಿ ಹಾಗೆಯೇ ನಿಂತಿರುವುದು ಬರೀ ಗಿಲಾವಿನ ಬಿರುಕು.

ಮೇಲಂತಸ್ತನ್ನು ಐದು ವರ್ಷದ ನಂತರ ಸೇರಿಸಿದ್ದೀರಿ. ಮೂಲ ಅಡಿಪಾಯವನ್ನು ಎರಡು ಅಂತಸ್ತಿನ ಭಾರಕ್ಕೆ ಹಾಕಿದ್ದರೇ ಎಂಬುದನ್ನು ಹಳೆಯ ನಕ್ಷೆಯಲ್ಲಿ ನೋಡಿರಿ. ನೆಲ ಚಲಿಸುತ್ತಿಲ್ಲವೆಂದಾದರೆ ಮಾಳಿಗೆಯ ನೀರುನಿರೋಧಕ ಕೆಲಸ ದೊಡ್ಡ ಖರ್ಚಲ್ಲ, ಮತ್ತು ಅದೊಂದೇ ಕಾರಣಕ್ಕೆ ಯಾರೂ ಮನೆ ಮಾರಬೇಕಾಗಿಲ್ಲ. ನೆಲ ಚಲಿಸುತ್ತಿದೆ ಎಂದಾದರೆ ವರ್ಷಕ್ಕೆ 30,000 ಎಂಬ ದುರಸ್ತಿ ಅಂದಾಜು ಸಾಲದು. ಆಗ ನಾನು ಮಾರುವ ಪಕ್ಷ.

ಯಾದಗಿರಿಯ ವಕೀಲೆ

ಗುರುಗಳೇ, ಆ 18 ಲಕ್ಷದ ಮಾತನ್ನು ಇಲ್ಲಿಗೇ ನಿಲ್ಲಿಸಿರಿ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ, ಮತ್ತು ಪಡೆದಷ್ಟೇ ಮೊತ್ತದ ದಂಡವನ್ನು ಪಡೆದವರ ಮೇಲೆ ಹಾಕಬಹುದು. ಅಂದರೆ ದಂಡದ ಭಾರ ಕೊಳ್ಳುವವರ ಮೇಲಲ್ಲ, ನಿಮ್ಮ ಮೇಲೆ. ಸರ್ಕಾರಿ ನೌಕರರಾದ ನಿಮಗೆ ಆಸ್ತಿ ವ್ಯವಹಾರವನ್ನು ಇಲಾಖೆಗೆ ತಿಳಿಸುವ ಹೊಣೆಯೂ ಇದೆ. ಹೀಗೆ ಬಂದ ಹಣವನ್ನು ಠೇವಣಿಯಲ್ಲಿಡಲಾಗದು, ಅಂಚೆ ಯೋಜನೆಗೆ ಹಾಕಲಾಗದು; ಮರುಹೂಡಿಕೆಗಾಗಿ ಮನೆ ಮಾರುವವರಿಗೆ ಅದರಿಂದ ಏನು ಪ್ರಯೋಜನ? ಪತ್ರದಲ್ಲಿ ತೋರಿಸಿದ ಬೆಲೆ ಸರ್ಕಾರಿ ಮಾರ್ಗಸೂಚಿ ದರಕ್ಕಿಂತ (ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆಗಿಂತ) ಕಡಿಮೆಯಾಗಿ, ಅಂತರ ಶೇ. 10ನ್ನು ಮೀರಿದರೆ ಮಾರ್ಗಸೂಚಿ ದರವನ್ನೇ ಮಾರಾಟದ ಬೆಲೆಯೆಂದು ತೆರಿಗೆ ಲೆಕ್ಕ ಹಾಕುತ್ತಾರೆ ಎಂಬುದೂ ನೆನಪಿರಲಿ.

ಕಾಗದಪತ್ರಗಳ ಬಗ್ಗೆ ಹೇಳುವುದಾದರೆ, ಇ-ಖಾತಾ (ಪಾಲಿಕೆಯ ಗಣಕೀಕೃತ ಆಸ್ತಿ ದಾಖಲೆ) ಇಲ್ಲದೆ ನಗರದ ಆಸ್ತಿಯ ನೋಂದಣಿ ಈಗ ಆಗುವುದಿಲ್ಲ. ಮಹಾನಗರ ಪಾಲಿಕೆಯಲ್ಲಿ ಅದನ್ನು ಮಾಡಿಸಿರುವಿರಾ? ಮೇಲಂತಸ್ತು ದಾಖಲೆಯಲ್ಲಿ ಸೇರಿದೆಯೇ? ಋಣಭಾರ ಪ್ರಮಾಣಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ನೀವೇ ತೆಗೆದು ನೋಡಿರಿ. ಸಾಲ ತೀರಿದ ಮೇಲೆ ಬ್ಯಾಂಕು 30 ದಿನಗಳಲ್ಲಿ ಮೂಲ ಪತ್ರಗಳನ್ನು ಹಿಂತಿರುಗಿಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಆದೇಶಿಸಿದೆ.

ಜೇವರ್ಗಿಯ ಅಣ್ಣಾವರಿಗೂ ಒಂದು ಮಾತು. ಪ್ಲಾಟು ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ, ಆದರೆ ಕೃಷಿಭೂಮಿ ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿದೆಯೇ, ಬಡಾವಣೆಯ ನಕ್ಷೆಗೆ ಪ್ರಾಧಿಕಾರದ ಮಂಜೂರಾತಿ ಇದೆಯೇ ಎಂಬುದನ್ನು ನೋಡದೆ ಬಯಾನಾ (ಮುಂಗಡ) ಕೊಟ್ಟವರ ಕಾಗದಗಳು ನನ್ನ ಮೇಜಿನ ಮೇಲೆ ಬಹಳ ಬರುತ್ತವೆ. ಅವರಲ್ಲಿ ನಿವೃತ್ತರೇ ಹೆಚ್ಚು ಎಂಬುದು ನನಗೆ ನಿಜವಾದ ನೋವು.

ಜೇವರ್ಗಿಯ ವ್ಯಾಪಾರಿ

ವಕೀಲೆ ಅಕ್ಕಾವರ ಮಾತನ್ನು ಒಪ್ಪುತ್ತೇನೆ. ಮಂಜೂರಾತಿ ಇಲ್ಲದ ಪ್ಲಾಟಿನ ಬಗ್ಗೆ ನಾನು ಹೇಳಿದ್ದಲ್ಲ. ಆದರೂ ಶೇ. 3ರ ಗೆರೆಯ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ. ಬೆಳೆಯುವ ಊರಿನ ಅಂಚಿನ ನೆಲ ಅದಕ್ಕಿಂತ ಹೆಚ್ಚು ಏರುತ್ತದೆ ಎಂದು ನಂಬಿಯೇ ನಾನು ನನ್ನ ಸ್ವಂತ ಹಣ ಹಾಕಿದ್ದೇನೆ.

ಲೆಕ್ಕಪತ್ರ ಕಲಬುರಗಿ

ನಂಬಿಕೆಗೆ ನಾನು ಅಡ್ಡಿ ಹೇಳುವುದಿಲ್ಲ, ಆದರೆ ಗುರುಗಳ ವಯಸ್ಸಿನಲ್ಲಿ ತಿಂಗಳ ಆದಾಯ ತರದ ಆಸ್ತಿಗೆ ಹಣವನ್ನೆಲ್ಲ ಹಾಕುವುದು ನನಗೆ ಸರಿ ಕಾಣುವುದಿಲ್ಲ. ತೆರಿಗೆಯ ವಿನಾಯಿತಿಯೂ ಬರಿಯ ಪ್ಲಾಟಿಗೆ ಸಿಗುವುದಿಲ್ಲ. ಮಾರಿದ ದಿನದಿಂದ ಎರಡು ವರ್ಷದೊಳಗೆ ಇನ್ನೊಂದು ವಾಸದ ಮನೆ ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ಲಾಭದ ಮೇಲೆ ವಿನಾಯಿತಿ. ಅಲ್ಲಿಯ ತನಕ ಹಣವನ್ನು ವಿವರಪಟ್ಟಿ ಸಲ್ಲಿಸುವ ಗಡುವಿನೊಳಗೆ ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು. 1961ರ ಕಾಯ್ದೆಯಲ್ಲಿ ಇದು 54ನೇ ಕಲಂ. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗುವುದರಿಂದ ಕಲಮಿನ ಸಂಖ್ಯೆಗಳು ಬದಲಾಗುತ್ತವೆ.

ಮನೆ ಮಾರಿ ಮನೆ ಕೊಳ್ಳುವುದಕ್ಕೂ ನಾನು ವಿರೋಧಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿ ಶೇ. 7.6 ಆಗುತ್ತದೆ. 50 ಲಕ್ಷದ ಮನೆಗೆ ಅದೇ 3.8 ಲಕ್ಷ. 3 ಲಕ್ಷದ ತೆರಿಗೆ ಉಳಿಸಲು 3.8 ಲಕ್ಷದ ಶುಲ್ಕ ಕಟ್ಟಿ, ಕೊನೆಗೆ ಮತ್ತೊಂದು ಬಾಡಿಗೆ ಮನೆಯ ಮುಂದೆಯೇ ನಿಲ್ಲುವುದು ಯಾವ ಲೆಕ್ಕ? ಈ ತೆರಿಗೆ ಉಳಿಸಲು, ಆರು ತಿಂಗಳೊಳಗೆ ಕೊಳ್ಳಬೇಕಾದ, 50 ಲಕ್ಷದ ಮಿತಿಯ ಬಂಡವಾಳ ಲಾಭ ಬಾಂಡುಗಳೂ ಇವೆ. ಆದರೆ ಐದು ವರ್ಷ ಹಣ ಕದಲುವುದಿಲ್ಲ, ಬಡ್ಡಿ ಶೇ. 5.25, ಆ ಬಡ್ಡಿಗೂ ತೆರಿಗೆ. ನಿಮ್ಮ ತೆರಿಗೆ ಇಷ್ಟು ಕಡಿಮೆಗೆ ಇಳಿದಿರುವಾಗ ಅದನ್ನು ಕಟ್ಟಿ ಹಣವನ್ನು ಸ್ವತಂತ್ರವಾಗಿ ಇಟ್ಟುಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ನಿಮಗೆ 60 ತುಂಬಿದ ಮೇಲೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು. ಈಗ ಬಡ್ಡಿ ಶೇ. 8.2; 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ. ಉಳಿದದ್ದನ್ನು ಒಂದೇ ಬ್ಯಾಂಕಿನಲ್ಲಿಡಬೇಡಿ. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷಕ್ಕಷ್ಟೇ ಇದೆ. ಸಹಕಾರಿ ಸಂಘಗಳು ಹೆಚ್ಚು ಬಡ್ಡಿ ಕೊಡುತ್ತೇವೆಂದು ಬಂದರೆ, ಅವುಗಳ ಠೇವಣಿಗೆ ಆ ವಿಮೆ ಇರುವುದಿಲ್ಲವೆಂದು ತಿಳಿದಿರಲಿ.

ಪುಣೆಯಲ್ಲಿರುವ ಕಲಬುರಗಿಯವಳು

ನಾನು ಗುರುಗಳ ಮಗಳ ಸ್ಥಾನದಲ್ಲಿರುವವಳು. ನನ್ನ ತಂದೆಯೂ ಊರಿನಲ್ಲಿ ಒಂದು ಮನೆ ಬಾಡಿಗೆಗೆ ಕೊಟ್ಟಿದ್ದಾರೆ. ನಮ್ಮಂಥವರು ರಜೆಗೆ ಬಂದಾಗ ಬಾಡಿಗೆದಾರರ ಜೊತೆ ಮಾತಾಡಬಲ್ಲೆವು, ಆದರೆ ಮಳೆಯಲ್ಲಿ ಮೋಟಾರು ಸುಟ್ಟ ರಾತ್ರಿ ಇರಲಾರೆವು. ಸರ್, ನಿಮ್ಮ ಇಬ್ಬರು ಮಕ್ಕಳನ್ನೂ ಕೂಡಿಸಿ ಕೇಳಿರಿ. ಅವರಲ್ಲಿ ಒಬ್ಬರಾದರೂ ಹಿಂತಿರುಗುವ ಮನಸ್ಸು ಇಟ್ಟುಕೊಂಡಿದ್ದರೆ ಮನೆಗೆ ಬೇರೆಯೇ ಬೆಲೆ ಬರುತ್ತದೆ. ಇಲ್ಲವಾದರೆ ನಾಳೆ ಇಬ್ಬರ ಹೆಸರಿಗೂ ಬರುವ ಒಂದೇ ಮನೆಯನ್ನು, ಇಬ್ಬರೂ ಊರಿನಲ್ಲಿಲ್ಲದಾಗ, ಅವಸರದಲ್ಲಿ ಮಾರಬೇಕಾಗುತ್ತದೆ. ಅಂಥ ಮಾರಾಟದಲ್ಲಿ ಬೆಲೆಯೂ ಸಿಗುವುದಿಲ್ಲ, ಅಕ್ಕತಂಗಿಯರ ನಡುವೆ ಮಾತೂ ಕೆಡಬಹುದು.

ಇನ್ನೊಂದು ವಿಷಯ. ನಿಮ್ಮ ವಾಸದ ಮನೆ, ಬಾಡಿಗೆ ಮನೆ ಎರಡೂ ಒಂದೇ ಊರಿನ ನೆಲದಲ್ಲಿವೆ. ಪಿಂಚಣಿಯೊಂದನ್ನು ಬಿಟ್ಟರೆ ಕುಟುಂಬದ ಗಳಿಕೆಯೆಲ್ಲ ಅಲ್ಲೇ ಇದೆ. ಬೆಲೆ ಏರದೆ ಹತ್ತು ವರ್ಷ ನಿಂತರೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಮಾರುವುದಾದರೆ ಸ್ವಲ್ಪ ಭಾಗವನ್ನು ಮ್ಯೂಚುವಲ್ ಫಂಡಿನಲ್ಲಿ, ಹತ್ತು ವರ್ಷ ಮುಟ್ಟದಂತೆ ಇಡುವ ವಿಚಾರವನ್ನೂ ಮಾಡಿರಿ. ಷೇರು ಆಧಾರಿತ ಫಂಡುಗಳ ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ. ಪಿಂಚಣಿ ಇರುವವರು ಅಷ್ಟು ಏರಿಳಿತವನ್ನು ತಾಳಬಲ್ಲರು ಎಂದು ನಾನು ಭಾವಿಸುತ್ತೇನೆ.

ಸೇಡಂ ರಸ್ತೆಯ ಶಿಕ್ಷಕ

ಎಲ್ಲರಿಗೂ ಕೃತಜ್ಞತೆಗಳು. ಮನೆಯಲ್ಲಿ ಮಕ್ಕಳಿಬ್ಬರ ಜೊತೆಗೂ ಮಾತಾಡಿ ಬರೆಯುತ್ತಿದ್ದೇನೆ. ಇಬ್ಬರೂ ಹಿಂತಿರುಗುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ನನ್ನ ಮನೆಯವರಿಗೆ ಅದು ದುಃಖ ತಂದಿತಾದರೂ ಮಾರುವುದಕ್ಕೆ ಇದ್ದ ಅವರ ವಿರೋಧ ಕಡಿಮೆಯಾಗಿದೆ. ಹಣ ಬಂದರೆ ಅರ್ಧ ಅವರ ಹೆಸರಿನಲ್ಲಿರಬೇಕು ಮತ್ತು ಯಾವ ಬೀಗರಿಗೂ ಕೈಗಡವಿಲ್ಲ ಎಂಬ ಎರಡು ಷರತ್ತುಗಳನ್ನು ಹಾಕಿದ್ದಾರೆ, ನಾನು ಒಪ್ಪಿದ್ದೇನೆ. ನೌಬಾದಿನ ಅಕ್ಕಾವರ ಬರಹವನ್ನು ಅವರಿಗೆ ಓದಿ ಹೇಳಿದ್ದೆ.

ನಗದು ಕೇಳಿದವರಿಗೆ ಆಗುವುದಿಲ್ಲವೆಂದು ತಿಳಿಸಿದೆ. ಪೂರ್ತಿ ಹಣ ಬ್ಯಾಂಕಿನ ಮೂಲಕ ಎಂದರೆ 72 ಲಕ್ಷಕ್ಕಿಂತ ಮೇಲೆ ಬರಲಾರೆವು ಎಂದರು. ಹಾಗಾಗಿ ಅವಸರ ಮಾಡದೆ, ಗೃಹಸಾಲ ಪಡೆದು ಕೊಳ್ಳುವ ನೌಕರಸ್ಥರನ್ನು ಹುಡುಕುವುದೆಂದು ನಿಶ್ಚಯಿಸಿದ್ದೇವೆ. ಅವರಿಗೆ ಪತ್ರದಲ್ಲಿ ಪೂರ್ತಿ ಬೆಲೆ ಇರುವುದೇ ಬೇಕಾಗಿರುತ್ತದೆ. ಗೋಡೆಯ ಬಿರುಕುಗಳಿಗೆ ಗುರುತು ಹಾಕಿದ್ದೇನೆ, ಮಳೆಗಾಲ ಕಳೆಯುವ ತನಕ ಗಮನಿಸುತ್ತೇನೆ. ಇ-ಖಾತಾದಲ್ಲಿ ಮೇಲಂತಸ್ತು ಸೇರಿಲ್ಲ. ಅದರ ಅರ್ಜಿ ಈ ವಾರವೇ ಕೊಡುತ್ತೇನೆ. ಕೆಳಗಿನ ಮನೆಯ ಕರಾರು ಮುಗಿದಾಗ ಬಾಡಿಗೆಯನ್ನು 14,000ಕ್ಕೆ ಪರಿಷ್ಕರಿಸಲು ಅಲ್ಲಿನ ಬಾಡಿಗೆದಾರರೂ ಒಪ್ಪಿದ್ದಾರೆ. 60 ತುಂಬಿದಾಗ ಮಾರಾಟ ಕೈಗೂಡಿದ್ದರೆ 30 ಲಕ್ಷ ಹಿರಿಯ ನಾಗರಿಕರ ಯೋಜನೆಗೆ. ಕೈಗೂಡದಿದ್ದರೆ ನಿವೃತ್ತಿಯ ಹಣದಲ್ಲಿ ಸಾಲ ತೀರಿಸಿ, ಈ ಲೆಕ್ಕವನ್ನು ಹೊಸ ಅಂಕಿಗಳಿಂದ ಮತ್ತೆ ಮಾಡುತ್ತೇವೆ. ಒಂದೇ ಒಂದು ಸಂದೇಹ ಉಳಿದಿದೆ: ಕೆಳಗಿನ ಬಾಡಿಗೆದಾರರು ಬಹಳ ವರ್ಷದಿಂದ ಇದ್ದಾರೆ, ಮಾರುವ ವಿಚಾರವನ್ನು ಅವರಿಗೆ ಯಾವಾಗ ಹೇಳಬೇಕು?

ಯಾದಗಿರಿಯ ವಕೀಲೆ

ಈಗಲೇ ಹೇಳಿರಿ ಗುರುಗಳೇ. ಮನೆ ಮಾರಿದ ಮಾತ್ರಕ್ಕೆ ಅವರ ಕರಾರು ಮುರಿದುಬೀಳುವುದಿಲ್ಲ. ಕೊಂಡವರು ನಿಮ್ಮ ಸ್ಥಾನಕ್ಕೆ ಬಂದು ಮಾಲಕರಾಗುತ್ತಾರೆ ಅಷ್ಟೆ. ಬಾಡಿಗೆದಾರರು ಕೊಟ್ಟ ಡಿಪಾಜಿಟ್ಟನ್ನು ನೀವು ಹಿಂತಿರುಗಿಸುತ್ತೀರೋ, ಹೊಸ ಮಾಲಕರಿಗೆ ವರ್ಗಾಯಿಸುತ್ತೀರೋ ಎಂಬುದನ್ನು ಖರೀದಿ ಕರಾರಿನಲ್ಲಿ ಬರೆಸಬೇಕು. ಕೊಳ್ಳುವವರು ಖಾಲಿ ಮನೆ ಬೇಕೆಂದರೆ ಅದಕ್ಕೆ ಬೇಕಾಗುವ ತಿಂಗಳುಗಳನ್ನೂ ಅದೇ ಕರಾರಿನಲ್ಲಿ ಸೇರಿಸಿರಿ. ಇನ್ನೂ ಒಂದು ಮಾತು: ಅಷ್ಟು ವರ್ಷ ಅಲ್ಲೇ ಇದ್ದವರು ತಾವೇ ಕೊಳ್ಳುವ ಮನಸ್ಸು ಮಾಡಬಹುದು. ಹೊರಗಿನವರಿಗೆ ಹೇಳುವ ಮೊದಲು ಅವರನ್ನು ಒಮ್ಮೆ ಕೇಳಿ ನೋಡಿರಿ.